ಎ ಮೈನರ್ ಮತ್ತು ಸಿ ಮೇಜರ್ ಒಂದೇ ಅಲ್ಲ

ಶಿವಮೊಗ್ಗದ ಕೀಬೋರ್ಡ್ ಕಲಿಯುವ ಹುಡುಗರ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: ‘ಎ ಮೈನರ್, ಸಿ ಮೇಜರ್ ಎರಡೂ ಒಂದೇ, ಬರೀ ಬಿಳಿ ಕೀ ಒತ್ತಿದರೆ ಸಾಕು.’ ದಯವಿಟ್ಟು ಇದನ್ನು ಹಾಗೇ ನಂಬಬೇಡಿ.

ಎ ಮೈನರ್, ಸಿ ಮೇಜರ್ ಅನ್ನೋವು ಪಾಶ್ಚಾತ್ಯ ಸಂಗೀತದ ಎರಡು ಸ್ವರಶ್ರೇಣಿಗಳು. ಎರಡರಲ್ಲೂ ಬರುವ ಏಳು ಸ್ವರ ಒಂದೇ, ಅದು ನಿಜ. ಆದರೆ ಹಾಡು ಸುತ್ತಾಡಿ ಯಾವ ಸ್ವರಕ್ಕೆ ಬಂದು ನಿಲ್ಲುತ್ತದೆ? ಹಾಡು ಎ ಮೈನರೋ ಸಿ ಮೇಜರೋ ಅಂತ ನುಡಿಸುವವರು ಗುರುತಿಸೋದು ಮುಖ್ಯವಾಗಿ ಅದರಿಂದಲೇ. ಮೊನ್ನೆ ತೀರ್ಥಹಳ್ಳಿಯಲ್ಲಿ ಹಾಡುತ್ತಿದ್ದ ಅಕ್ಕ ಕೊನೆಗೆ ಎ ಮೇಲೆ ನಿಂತರು. ಪಕ್ಕದ ಹುಡುಗ ಕೀಬೋರ್ಡಿನಲ್ಲಿ ಸಿ ಮೇಜರ್ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಿಡಿದ. ಹಾಡು ಮುಗಿದ ಹಾಗೇ ಅನ್ನಿಸಲಿಲ್ಲ.

ನಮ್ಮ ಸಂಗೀತದಲ್ಲೂ ಇದು ಇದೆ. ಸಿ ಮೇಜರ್‌ನಂತಿರುವ ಶಂಕರಾಭರಣ ರಾಗದ ಧೈವತವನ್ನೇ (‘ದ’) ಷಡ್ಜ (‘ಸ’) ಮಾಡಿಕೊಂಡರೆ ಎ ಮೈನರ್‌ನಂತಿರುವ ನಟಭೈರವಿ ಬರುತ್ತದೆ. ಮೇಳಗಳ, ಅಂದರೆ ಮೂಲರಾಗಗಳ, ಪಟ್ಟಿಯಲ್ಲಿ ಒಂದು 29ನೇದು, ಇನ್ನೊಂದು 20ನೇದು. ಎರಡನ್ನೂ ಒಂದೇ ರಾಗ ಅನ್ನಲ್ಲ, ಅಲ್ವಾ?

‘ಬರೀ ಬಿಳಿ ಕೀ ಸಾಕು’ ಅನ್ನೋದೂ ಯಾವಾಗಲೂ ನಿಜ ಅಲ್ಲ. ಎ ಮೈನರ್ ಹಾಡುಗಳಲ್ಲಿ ಇ ಮೇಜರ್ ಕಾರ್ಡ್ ತುಂಬಾ ಬರುತ್ತದೆ. ಹಿಡಿದು ನೋಡಿ, ನಡುಬೆರಳು ಕಪ್ಪು ಕೀ ಮೇಲೆ ಕೂರುತ್ತದೆ. ಅದೇ ಜಿ ಶಾರ್ಪ್; ಎ ಅನ್ನು ‘ಸ’ ಅಂದುಕೊಂಡರೆ ಕೀರವಾಣಿ ರಾಗದ ಕಾಕಲಿ ನಿಷಾದ, ಅಂದರೆ ಎತ್ತರದ ‘ನಿ’. ಅದು ಅರ್ಧ ಮೆಟ್ಟಿಲು ಮೇಲಿನ ಎ ಕಡೆಗೇ ಎಳೆಯುತ್ತದೆ. ಆ ಎಳೆತ ಕೇಳಿಸಿದರೆ ಎ ಮೈನರ್ ಇರಬೇಕು ಅಂತ ಕಿವಿಗೆ ಹೊಳೆಯುತ್ತದೆ.