ಸರ್ವರ್‌ನ ಫೈಲ್ ಸಿಸ್ಟಮ್ ಆಯ್ಕೆಗೆ ವೇಗದ ಪರೀಕ್ಷೆಯೇ ಆಧಾರವಾಗಬೇಕೆ?

ಪರ: ಅಳೆಯದೆ ಆರಿಸಬಾರದು

ಸರ್ವರ್ ಕೊಳ್ಳುವವರು ಪ್ರೊಸೆಸರ್, ಮೆಮೊರಿಗಳನ್ನು ಅಳೆದು ಸುರಿದು ನೋಡುತ್ತಾರೆ. ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯಾದ ಫೈಲ್ ಸಿಸ್ಟಮ್ ವಿಷಯದಲ್ಲಿ ಮಾತ್ರ ಯಾರೋ ಹೇಳಿದ್ದಕ್ಕೆ ತಲೆಯಾಡಿಸುತ್ತಾರೆ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಇದರ ಫಲವನ್ನು ಕಣ್ಣಾರೆ ಕಂಡಿದ್ದೇನೆ. ಕೊಯ್ಲಿನ ದಿನಗಳು, ತೂಕದ ಚೀಟಿ ಹೊರಬರುವುದು ತಡವಾಗಿ, ಮೂಟೆ ತುಂಬಿದ ಪಿಕಪ್‌ಗಳು ಗೇಟಿನಾಚೆಗೂ ಸಾಲುಗಟ್ಟಿದ್ದವು. ಸರ್ವರ್ ಅಳವಡಿಸಿದವರು ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ ಮೇಲೆ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಹಾಕಿ, ರೆಕಾರ್ಡ್ ಗಾತ್ರವನ್ನು, ಅಂದರೆ ಅದು ಫೈಲನ್ನು ಕತ್ತರಿಸಿಡುವ ತುಂಡಿನ ಅಳತೆಯನ್ನು, ಡಿಫಾಲ್ಟ್ ಆದ 128 ಕೆಬಿಯಲ್ಲೇ ಬಿಟ್ಟಿದ್ದರು. ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್ ಬರೆಯುವ ಪುಟವಾದರೋ 8 ಕೆಬಿ. ಹಳೆಯ ಜಾಗವನ್ನು ಮುಟ್ಟದೆ ಹೊಸ ಜಾಗದಲ್ಲಿ ಬರೆಯುವುದು ಝಡ್‌ಎಫ್‌ಎಸ್‌ನ ಪದ್ಧತಿಯಾದ್ದರಿಂದ, ಒಂದು ಪುಟವನ್ನು ತಿದ್ದಿದರೂ ಇಡೀ ರೆಕಾರ್ಡನ್ನು ಮತ್ತೆ ಬರೆಯಬೇಕು. ಅದು ಮೆಮೊರಿಯಲ್ಲಿ ಇಲ್ಲದಿದ್ದರೆ ಮೊದಲು ಓದಿಕೊಳ್ಳಲೂ ಬೇಕು. ಅದೇ ಡಿಸ್ಕ್‌ಗಳ ಮೇಲೆ ಡಿಸ್ಕ್ ವೇಗ ಅಳೆಯುವ ಫಿಯೋ ಉಪಕರಣದಿಂದ 8 ಕೆಬಿಯ ಚದುರಿದ ಬರಹವನ್ನು, ಪ್ರತಿ ಬರಹಕ್ಕೂ ಎಫ್‌ಸಿಂಕ್ ಕರೆಯುವಂತೆ (ಬರೆದದ್ದು ಡಿಸ್ಕ್ ತಲುಪುವವರೆಗೆ ಕಾಯುವಂತೆ) ನಡೆಸಿದಾಗ, ಲಿನಕ್ಸ್‌ನ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್ ಬಹಳ ಮುಂದಿತ್ತು. ಬದಲಾಯಿಸಿದೆವು, ಸಾಲು ಕರಗಿತು. ರೆಕಾರ್ಡ್ ಗಾತ್ರ ಇಳಿಸಿದ್ದರೆ ಸಾಕಿತ್ತಲ್ಲ ಎನ್ನುವವರಿದ್ದಾರೆ. ಇಳಿಸಬೇಕೆಂದು ತಿಳಿಯುವುದಾದರೂ ಅಳೆದಾಗಲೇ ಅಲ್ಲವೇ?

ಎಕ್ಸ್‌ಎಫ್‌ಎಸ್ ನಿನ್ನೆ ಮೊನ್ನೆಯದೂ ಅಲ್ಲ. 1990ರ ದಶಕದಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಕಂಪನಿ ತನ್ನ ಆಪರೇಟಿಂಗ್ ಸಿಸ್ಟಮ್ ಐರಿಕ್ಸ್‌ಗಾಗಿ ಕಟ್ಟಿದ ಇದನ್ನು 2014ರಲ್ಲಿ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7 ತನ್ನ ಡಿಫಾಲ್ಟ್ ಮಾಡಿಕೊಂಡಿತು. ಡಿಸ್ಕ್‌ನಲ್ಲಿಟ್ಟ ಡೇಟಾ ತಾನಾಗಿಯೇ ಕೊಳೆಯುತ್ತದೆಂದು ಗುಮ್ಮನನ್ನು ತೋರಿಸುವವರು ಬ್ಯಾಕಪ್ ಎಂಬುದೊಂದಿದೆ ಎಂಬುದನ್ನೇ ಮರೆತಂತಿದೆ.

ವಿರೋಧ: ಅಂಕಿಗಳು ಎಲ್ಲವನ್ನೂ ಹೇಳುವುದಿಲ್ಲ

ಈ ಪಕ್ಷ ನನಗೆ ವಹಿಸಿಕೊಟ್ಟದ್ದು; ಹಾಸನದ ನನ್ನ ಕಚೇರಿಯ ಸರ್ವರ್‌ನಲ್ಲಿರುವುದು ಲಿನಕ್ಸ್‌ನ ಇನ್ನೊಂದು ಫೈಲ್ ಸಿಸ್ಟಮ್ ಇಎಕ್ಸ್‌ಟಿ4 ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಲಿನಕ್ಸ್, ಬಿಎಸ್‌ಡಿಯಂಥ ಬೇರೆ ಬೇರೆ ಯುನಿಕ್ಸ್ ಬಳಗದ ಆಪರೇಟಿಂಗ್ ಸಿಸ್ಟಮ್‌ಗಳನ್ನು ಅಕ್ಕಪಕ್ಕ ಇಟ್ಟು ತೂಗುವುದು ನನ್ನ ಎದುರಾಳಿ ತಿಳಿದಷ್ಟು ಸಲೀಸಲ್ಲ. ಹಿಂದೊಮ್ಮೆ ಇಎಕ್ಸ್‌ಟಿ4ರ ಹಳೆಯ ರೂಪವಾದ ಇಎಕ್ಸ್‌ಟಿ2 ಬಿಎಸ್‌ಡಿಯ ಫೈಲ್ ಸಿಸ್ಟಮ್ ಯುಎಫ್‌ಎಸ್‌ಗಿಂತ ಚುರುಕೆನಿಸಿದ್ದಕ್ಕೆ ಒಂದು ದೊಡ್ಡ ಕಾರಣವೆಂದರೆ, ಅದು ಮೆಟಾಡೇಟಾವನ್ನು (ಫೈಲಿನ ಹೆಸರು, ಜಾಗ ಮುಂತಾದ ವಿವರವನ್ನು) ಮೆಮೊರಿಯಲ್ಲಿಟ್ಟುಕೊಂಡು ಬಿಡುವಾದಾಗ ಡಿಸ್ಕ್‌ಗೆ ಇಳಿಸುತ್ತಿತ್ತು. ಯುಎಫ್‌ಎಸ್ ಆಗಿಂದಾಗಲೇ ಬರೆಯುತ್ತಿತ್ತು. ಕರೆಂಟು ಹೋದಾಗ ಯಾವುದು ಲೇಸೆಂದು ಮಲೆನಾಡಿನ ಮಳೆಗಾಲ ಕಂಡವರಿಗೆ ಹೇಳಬೇಕಿಲ್ಲ. ಮೆಮೊರಿಗಿಂತ ಸಣ್ಣ ಫೈಲಿನ ಮೇಲೆ ಓದುವ ಪರೀಕ್ಷೆ ನಡೆಸಿದರೆ ಬರುವ ಅಂಕಿ ಮೆಮೊರಿಯಲ್ಲಿ ಉಳಿದ ಪ್ರತಿಯಾದ ಕ್ಯಾಶ್‌ನದೇ ಹೊರತು ಡಿಸ್ಕ್‌ನದಲ್ಲ. ತಿರುಗುವ ಡಿಸ್ಕ್‌ನಲ್ಲಿ ಹೊರ ಅಂಚು ಒಳ ಅಂಚಿಗಿಂತ ವೇಗವಾಗಿ ಓದಿಸಿಕೊಳ್ಳುತ್ತದೆ. ಒಂದೇ ಡಿಸ್ಕನ್ನು ಎರಡು ಭಾಗ ಮಾಡಿ ಎರಡು ವ್ಯವಸ್ಥೆ ಹಾಕಿದವರು ಎಷ್ಟೋ ಸಲ ಆ ಅಂತರವನ್ನೇ ಅಳೆದಿರುತ್ತಾರೆ.

ಬ್ಯಾಕಪ್ ಮಾತಿಗೆ ಬಂದರೆ, ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್ ಚೆಕ್‌ಸಮ್ (ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇಡುವುದು ಮೆಟಾಡೇಟಾಕ್ಕೆ ಮಾತ್ರ. ಸದ್ದಿಲ್ಲದೆ ಕೆಟ್ಟ ಡೇಟಾ ಹಾಗೆಯೇ ಬ್ಯಾಕಪ್‌ಗೂ ಹೋಗಿ ಕೂರಬಹುದು. ಝಡ್‌ಎಫ್‌ಎಸ್ ಅದನ್ನು ಓದುವಾಗಲೇ ಹಿಡಿಯುತ್ತದೆ. ಆ ತಪಾಸಣೆಗೆ ತಗಲುವ ಹೊತ್ತು ವೇಗದ ಪಟ್ಟಿಯಲ್ಲಿ ಬರಿಯ ನಷ್ಟವಾಗಿ ಕಾಣುತ್ತದೆ.