ಎಕ್ಸ್ ಎಂದರೆ ಎಷ್ಟು ಇಂಚು?

ಭಾಗಮಂಡಲದ ಕಡೆಯ ನಮ್ಮ ತೋಟಕ್ಕೆ ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲೂ ತಪ್ಪದೆ ಬರುವವರು ಇಬ್ಬರೇ: ಜಿಗಣೆ ಮತ್ತು ಸಿಮ್ ಮಾರುವ ಹುಡುಗ. ಜಿಗಣೆ ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರುತ್ತದೆ. ಹುಡುಗ ಮಾತ್ರ ಜಗಲಿಯಲ್ಲೇ ಕೂತ.

ಅವನ ಕಾಗದದಲ್ಲಿ ಎರಡು ಪ್ಲಾನ್. ಒಂದಕ್ಕೆ 150 ರೂಪಾಯಿ ಬಾಡಿಗೆ, ಮೇಲೆ ಬಳಸಿದ ಜಿಬಿಗೆ 12ರಂತೆ. ಇನ್ನೊಂದಕ್ಕೆ 330 ಕಟ್ಟಿದರೆ ಮುಗಿಯಿತು, ಅನ್‌ಲಿಮಿಟೆಡ್. ವ್ಯಾಲಿಡಿಟಿ ಒಂದು ತಿಂಗಳು; ತಿಂಗಳೆಂದರೆ 28 ದಿನ. ವರ್ಷವಿಡೀ ಫೆಬ್ರವರಿಯೇ ಇರುವ ಈ ಪಂಚಾಂಗದಲ್ಲಿ ರೀಚಾರ್ಜ್ 13 ಸಲ. 30 ದಿನದ ಪ್ಲಾನ್ ಒಂದನ್ನಾದರೂ ಇಡಿ ಎಂದು 2022ರಲ್ಲಿ ಟೆಲಿಕಾಂ ಕಂಪನಿಗಳ ನಿಯಂತ್ರಕ ಟ್ರಾಯ್ ಹೇಳಿತ್ತು. ಇಟ್ಟಿರಬೇಕು. ಹುಡುಗನ ಬ್ಯಾಗಿನಲ್ಲಿ ಇರಲಿಲ್ಲ, ಅಷ್ಟೇ.

ಮಡಿಕೇರಿಯಲ್ಲಿ ಪಿಯುಸಿ ಓದುವ ಅಕ್ಕನ ಮಗಳು ಮಳೆ ರಜೆಗೆ ಬಂದಿದ್ದಳು. "ಮಾವ, ಇದು ಲೀನಿಯರ್ ಇನ್‌ಇಕ್ವಾಲಿಟಿ!" ಎಂದು ಕಾಗದ ಕಿತ್ತುಕೊಂಡು, ಬಳಸುವ ಜಿಬಿಯನ್ನು ಎಕ್ಸ್ ಎಂದಿಟ್ಟು, ಹಿಂಬದಿಯಲ್ಲಿ 150 + 12ಎಕ್ಸ್ < 330 ಎಂದು ಬರೆದಳು. 150ನ್ನು ಆಚೆ ದಾಟಿಸಿದರೆ 12ಎಕ್ಸ್ < 180. ಅಂದರೆ ಎಕ್ಸ್ < 15.

"15 ಜಿಬಿಗಿಂತ ಕಡಿಮೆ ಆದ್ರೆ ಮೊದಲನೇದು ಅಗ್ಗ. ಸರಿಯಾಗಿ 15 ಆದ್ರೆ ಎರಡೂ ಒಂದೇ. ದಾಟಿದ್ರೆ ಎರಡನೇದು. ನೀವೆಷ್ಟು ಬಳಸ್ತೀರ?"

ನಾನು ಮಳೆ ಪುಸ್ತಕ ತಂದೆ. ಕೊಡಗಿನ ತೋಟದವರು ಮಿಲಿಮೀಟರಿನಲ್ಲಿ ನೆನೆಯುವುದಿಲ್ಲ. ನಮ್ಮದೇನಿದ್ದರೂ ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟು. ಹೋದ ವರ್ಷದಿಂದ ಇಂಚಿನ ಪಕ್ಕದಲ್ಲೇ ಮೊಬೈಲಿನ ಕಡ್ಡಿಗಳನ್ನೂ ಬರೆದಿಡುತ್ತಿದ್ದೇನೆ. ಒಂದು ಇಂಚಿನ ದಿನ ಎರಡು ಕಡ್ಡಿ. ಮೂರು ಇಂಚಾದರೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಸಂಜೆಗೆ ಕಣ್ಣು ಮುಚ್ಚುತ್ತದೆ. ಐದು ದಾಟಿತೋ, ಸಂಗಮ ಉಕ್ಕಿ ರಸ್ತೆ ಮುಳುಗಿ ಟವರಿನ ಜನರೇಟರಿಗೆ ಡೀಸೆಲ್ ಕ್ಯಾನೂ ಬರುವುದಿಲ್ಲ. ನಾನೆಷ್ಟು ಬಳಸುತ್ತೇನೆ ಎಂಬುದನ್ನು ಆ ಕ್ಯಾನ್ ಹೊರುವವನನ್ನು ಕೇಳಬೇಕು.

ಅವಳು ಪುಟ ತಿರುಗಿಸಿ ನೋಡಿ, "ಹಾಗಾದ್ರೆ ಎಕ್ಸ್ ಸೊನ್ನೆ. ಮೊದಲನೇದೇ ಅಗ್ಗ" ಎಂದಳು. ಲೆಕ್ಕ ಸರಿಯೇ ಇದೆ. ಏನೂ ಕೊಡದೆ 330 ತೆಗೆದುಕೊಳ್ಳುವವನಿಗಿಂತ ಏನೂ ಕೊಡದೆ 150 ತೆಗೆದುಕೊಳ್ಳುವವನು ಧಾರಾಳಿ. 330ರದ್ದರಲ್ಲಿ ಸೊನ್ನೆಯೂ ಅನ್‌ಲಿಮಿಟೆಡ್ ಆಗಿ ಸಿಗುತ್ತದೆ ಎಂಬುದು ಬೇರೆ ಮಾತು.

"ಸಾರ್, ಮೊದಲನೇದೇ ಹಾಕ್ಬಿಡ್ಲಾ? ಒಟಿಪಿ ಬರುತ್ತೆ, ಹೇಳಿದ್ರೆ ಸಾಕು" ಎಂದ ಹುಡುಗ.

ನಮ್ಮಲ್ಲಿ ಒಟಿಪಿ ಬರುವುದು ಮನೆಗಲ್ಲ, ಗೇಟಿನಾಚೆ ರಸ್ತೆ ತಿರುವಿನ ಹಲಸಿನ ಮರದ ಬುಡಕ್ಕೆ. ಎರಡು ಕೊಡೆಯಲ್ಲಿ ಮೂವರೂ ಹೊರಟೆವು. ಮರದ ಕೆಳಗೆ ನನ್ನ ಹಳೇ ಸಿಮ್ಮಿಗೆ ಒಂದು ಕಡ್ಡಿ ಬಂತು. ನಾನು ಕಾಲಿನ ಜಿಗಣೆಗೆ ಸುಣ್ಣ ಮುಟ್ಟಿಸುತ್ತಿದ್ದೆ. ಹುಡುಗ ತನ್ನ ಫೋನನ್ನು ಕೊಡೆಯಿಂದಾಚೆ, ಆಮೇಲೆ ತಲೆಯ ಮೇಲೆ, ಆಮೇಲೆ ಕೊಂಬೆಯ ಮೇಲೂ ಹಿಡಿದು ನೋಡಿದ. ಕೊನೆಗೆ ದನಿ ತಗ್ಗಿಸಿ ಕೇಳಿದ:

"ಸಾರ್, ನಿಮ್ಮ ಹಾಟ್‌ಸ್ಪಾಟ್ ಸ್ವಲ್ಪ ಆನ್ ಮಾಡ್ತೀರಾ? ನಮ್ಮ ಕಂಪನಿದು ಇಲ್ಲಿ ರೇಂಜ್ ಇಲ್ಲ."

"ಮಾವ, ಈ ಡೇಟಾನ ಯಾರ ಎಕ್ಸಿಗೆ ಸೇರಿಸ್ಲಿ?" ಎಂದಳು ಅಕ್ಕನ ಮಗಳು, ಒದ್ದೆ ಕಾಗದ ಬಿಡಿಸುತ್ತಾ.