ಆ ಮೂರು ತಿಂಗಳನ್ನು ಬಚ್ಚಿಡಬೇಡಿ

"ಮೂರು ತಿಂಗಳು ತುಂಬಲಿ, ಆಮೇಲೆ ಹೇಳಿದ್ರಾಯ್ತು." ನಮ್ಮ ಮಂಡ್ಯ ಕಡೆ ಬಸಿರು ಅಂತ ಗೊತ್ತಾದ ದಿನವೇ ಮನೆಯ ಹಿರಿಯರು ಹೇಳುವ ಮಾತು ಇದು. ದೃಷ್ಟಿ ಆಗುತ್ತೆ ಅಂತಾರೆ. ಏನಾದರೂ ಹೆಚ್ಚುಕಮ್ಮಿ ಆದರೆ ಹತ್ತು ಜನಕ್ಕೆ ಉತ್ತರ ಕೊಡಬೇಕಲ್ಲ ಅಂತಾರೆ. ಅವರ ಭಯ ಸುಳ್ಳಲ್ಲ. ಗರ್ಭಪಾತಗಳಲ್ಲಿ ಬಹುಪಾಲು ಮೊದಲ 12 ವಾರಗಳಲ್ಲೇ ಆಗುತ್ತವೆ. ಆದರೂ ಈ ರೂಢಿಯ ಮೇಲೆ ನನಗೆ ದೊಡ್ಡ ತಕರಾರಿದೆ.

ವಾಕರಿಕೆ, ವಾಂತಿ ಶುರುವಾಗುವುದು ಐದಾರನೇ ವಾರಕ್ಕೆ. ಜೋರಾಗುವುದು ಒಂಬತ್ತು-ಹತ್ತನೇ ವಾರದ ಹೊತ್ತಿಗೆ. ಹೆಚ್ಚಿನವರಿಗೆ ಇಳಿಯುವುದು 14ರಿಂದ 16ನೇ ವಾರಕ್ಕೆ, ಕೆಲವರಿಗೆ ಇನ್ನೂ ತಡ. ಅಂದರೆ ಅವಳಿಗೆ ಎದ್ದು ನಿಲ್ಲಲೂ ಆಗದ ದಿನಗಳಲ್ಲೇ ಅವಳು ಏನೂ ಆಗಿಲ್ಲ ಎನ್ನುವ ಹಾಗೆ ಓಡಾಡಬೇಕು. ಸಂಕಟ ಇಳಿದ ಮೇಲೆ ಊರಿಗೆಲ್ಲ ಸುದ್ದಿ. ಆಮೇಲೆ "ಕೂತ್ಕೋಮ್ಮ, ಭಾರ ಎತ್ತಬೇಡ" ಅನ್ನುವ ಉಪಚಾರ. ಏಳನೇ ತಿಂಗಳಿಗೆ ಹಸಿರು ಬಳೆ, ಸೀಮಂತ. ಹೆರಿಗೆ ಆದ ಮೇಲೆ ಬಾಣಂತನ, ಎಣ್ಣೆನೀರು, ಬೆಚ್ಚನೆ ಅಡುಗೆ. ಇವೆಲ್ಲ ಒಳ್ಳೆಯವೇ, ನಾನೂ ಪಡೆದುಕೊಂಡಿದ್ದೇನೆ. ಮೊದಲ ಮೂರು ತಿಂಗಳಿಗೆ ಮಾತ್ರ ನಮ್ಮಲ್ಲಿ ಇಂಥ ಯಾವ ಏರ್ಪಾಡೂ ಇಲ್ಲ.

ನಾನು ಮೊದಲ ಸಲ ಬಸಿರಾದಾಗ ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಬೆಳಗಿನ ರೈಲು ಅಂದ ಮೇಲೆ ಗೊತ್ತಲ್ಲ, ನಿಲ್ಲಲು ಜಾಗ ಸಿಕ್ಕರೆ ಪುಣ್ಯ. ಪಕ್ಕದಲ್ಲಿ ಯಾರೋ ಮದ್ದೂರು ವಡೆಯ ಪೊಟ್ಟಣ ಬಿಚ್ಚುತ್ತಾರೆ. ಎಣ್ಣೆಗೆ ಬಿದ್ದ ಈರುಳ್ಳಿಯ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಯಲ್ಲಿ ಜೊಲ್ಲು ತುಂಬಿಕೊಳ್ಳುತ್ತದೆ. ನುಂಗಿದರೆ ವಾಂತಿ, ಉಗಿಯಲು ಜಾಗವಿಲ್ಲ. ಮುಂದೆ ನಿಂತವರ ಮುಡಿಯಲ್ಲಿ ಮಲ್ಲಿಗೆ. ಜೀವನವಿಡೀ ಇಷ್ಟಪಟ್ಟ ಹೂವು, ಆಗ ಅದರ ಘಮಕ್ಕೇ ಹೊಟ್ಟೆ ತೊಳಸುತ್ತಿತ್ತು. ಕಿಟಕಿ ಪಕ್ಕ ಹೋದರೆ ಯಲಿಯೂರು ಕಡೆಯ ಆಲೆಮನೆಯಿಂದ ಬೆಲ್ಲದ ಪಾಕದ ಹೊಗೆ. ಬ್ಯಾಗಿನಲ್ಲಿ ಸದಾ ಪ್ಲಾಸ್ಟಿಕ್ ಕವರ್ ಇರುತ್ತಿತ್ತು. ದಿನಾ ಜೊತೆಯಲ್ಲೇ ಬರುತ್ತಿದ್ದ ಹೆಂಗಸರಿಗೆ "ಗ್ಯಾಸ್ಟ್ರಿಕ್" ಅಂತ ಹೇಳಬೇಕಿತ್ತು. ಒಂದು ಮಾತು ನಿಜ ಹೇಳಿದ್ದರೆ ಅವರಲ್ಲಿ ಯಾರಾದರೂ ಎದ್ದು ಸೀಟು ಕೊಡುತ್ತಿದ್ದರು. ಆದರೆ ಮನೆಯವರು ಬೇಡ ಅಂದಿದ್ದರಲ್ಲ.

"ಎಲ್ರಿಗೂ ಆಗೋದೇ, ನಾವೇನು ಹೆರಲಿಲ್ವಾ?" ಇದು ಇನ್ನೊಂದು ಮಾತು. ಹೌದು, ಹತ್ತು ಬಸುರಿಯರಲ್ಲಿ ಏಳೆಂಟು ಜನಕ್ಕೆ ವಾಕರಿಕೆ ಇರುತ್ತದೆ. ಆದರೆ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಒಬ್ಬಳಿಗೆ ಬೆಳಗ್ಗೆ ಸ್ವಲ್ಪ ಸಂಕಟವಾಗಿ ತಿಂಡಿಯ ಹೊತ್ತಿಗೆ ಸರಿಹೋಗುತ್ತದೆ. ಇನ್ನೊಬ್ಬಳಿಗೆ ರಾತ್ರಿ ಮಲಗುವವರೆಗೂ ಬಿಡುವುದಿಲ್ಲ. ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಆಸ್ಪತ್ರೆ ಸೇರುವಷ್ಟು ಜೋರಾಗುತ್ತದೆ. ಅತ್ತೆಗೆ ಆಗಿರಲಿಲ್ಲ ಅನ್ನುವುದರಿಂದ ಸೊಸೆ ನಾಟಕ ಮಾಡುತ್ತಿದ್ದಾಳೆ ಅಂತ ಆಗುವುದಿಲ್ಲ. ಹಾಗೆಯೇ, ವಾಂತಿಯೇ ಇಲ್ಲದವರು ಮಗು ಸರಿಯಿದೆಯೋ ಇಲ್ಲವೋ ಅಂತ ಹೆದರಬೇಕಾಗಿಲ್ಲ. ಅದೂ ಸಹಜವೇ.

ಇದು ಮನಸ್ಸಿನ ಕಾಯಿಲೆ, ಗಂಡನ ಗಮನ ಸೆಳೆಯಲು ಮಾಡುವುದು ಅಂತ ಹಿಂದೆ ಡಾಕ್ಟರುಗಳೇ ಬರೆದದ್ದುಂಟು. ಅಮೆರಿಕದ ವಿಜ್ಞಾನಿ ಮಾರ್ಲೀನಾ ಫೆಜೊ ಅವರಿಗೆ 1999ರಲ್ಲಿ ತೀವ್ರ ವಾಂತಿಯಾಗಿ ಬಸಿರೇ ಉಳಿಯಲಿಲ್ಲ. ಆಕೆ ಅತಿ ಮಾಡುತ್ತಿದ್ದಾರೆ ಅಂತ ಅವರ ವೈದ್ಯರು ಭಾವಿಸಿದ್ದರು. ಆಕೆ ಬಿಡಲಿಲ್ಲ. ವರ್ಷಗಟ್ಟಲೆ ಅದರ ಕಾರಣದ ಬೆನ್ನು ಹತ್ತಿದರು. 2023ರ ಡಿಸೆಂಬರ್‌ನಲ್ಲಿ ಅವರೂ ಕೇಂಬ್ರಿಡ್ಜ್‌ನ ಸಂಶೋಧಕರೂ ಸೇರಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಬಸಿರಿನಲ್ಲಿ ಜಿಡಿಎಫ್15 ಎಂಬ ಹಾರ್ಮೋನು ರಕ್ತದಲ್ಲಿ ಏರುತ್ತದೆ. ಅದರಲ್ಲಿ ಹೆಚ್ಚಿನದು ಬರುವುದು ಮಗುವಿನ ಕಡೆಯಿಂದ, ಅಂದರೆ ಮಾಸಿನಿಂದ. ಅದು ಮೆದುಳಿನ ಹಿಂಭಾಗಕ್ಕೆ ತಾಗಿ ವಾಕರಿಕೆ ಎಬ್ಬಿಸುತ್ತದೆ. ಬಸಿರಾಗುವ ಮೊದಲು ಯಾರ ಮೈಯಲ್ಲಿ ಈ ಹಾರ್ಮೋನು ಕಡಿಮೆ ಇರುತ್ತದೋ ಅವರಿಗೆ ದಿಢೀರ್ ಏರಿಕೆ ತಡೆಯಲಾಗುವುದಿಲ್ಲ. ಮೊದಲಿನಿಂದಲೂ ಜಾಸ್ತಿ ಇದ್ದವರಿಗೆ ಅಷ್ಟಾಗಿ ತೊಂದರೆ ಆಗುವುದಿಲ್ಲ. "ಮನಸ್ಸು ಗಟ್ಟಿ ಮಾಡ್ಕೋ" ಅನ್ನುವವರು ಇದನ್ನೊಮ್ಮೆ ಓದಬೇಕು. ರಕ್ತದಲ್ಲಿರುವ ಹಾರ್ಮೋನಿಗೆ ಗಟ್ಟಿ ಮನಸ್ಸು ಏನು ಮಾಡೀತು?

ಈಗ ಊಟದ ವಿಷಯ. ಇದನ್ನು ನಾನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಮನೆಯಲ್ಲಿ ಜಗಳ ಶುರುವಾಗುವುದೇ ಇಲ್ಲಿ. "ಇಬ್ಬರಿಗಾಗುವಷ್ಟು ತಿನ್ನು" ಅಂತ ತಟ್ಟೆ ತುಂಬ ಬಡಿಸುತ್ತಾರೆ. ದಯವಿಟ್ಟು ಬೇಡ. ಈ ದಿನಗಳಲ್ಲಿ ಹೊಟ್ಟೆ ಪೂರ್ತಿ ತುಂಬಲೂ ಬಾರದು, ಪೂರ್ತಿ ಖಾಲಿಯಾಗಲೂ ಬಾರದು. ಹಾಸಿಗೆಯ ಪಕ್ಕ ಒಂದು ಡಬ್ಬಿಯಲ್ಲಿ ಕಡ್ಲೆಪುರಿ ಅಥವಾ ರಸ್ಕ್ ಇಟ್ಟುಕೊಳ್ಳಿ. ಎದ್ದು ಕೂರುವ ಮೊದಲೇ ಮಲಗಿದಲ್ಲೇ ಸ್ವಲ್ಪ ಅಗಿಯಿರಿ. ಕಾಲು ಗಂಟೆ ಸುಮ್ನೆ ಇದ್ದು ಆಮೇಲೆ ನಿಧಾನವಾಗಿ ಏಳಿ. ಆಮೇಲೆ ಒಂದೆರಡು ಗಂಟೆಗೊಮ್ಮೆ ಒಂದು ಹಿಡಿ ಏನಾದರೂ. ನೀರು ಊಟದ ಜೊತೆ ಬೇಡ, ನಡುವೆ ಗುಟುಕು ಗುಟುಕಾಗಿ.

ಬಿಸಿ ಅಡುಗೆಗೆ ವಾಸನೆ ಜಾಸ್ತಿ. ಆರಿದ ಅಡುಗೆಗೆ ಕಡಿಮೆ. ನನಗೆ ಬಸ್ಸಾರಿನ ಬೆಳ್ಳುಳ್ಳಿ ಒಗ್ಗರಣೆ, ಕುಕ್ಕರಿನಿಂದ ಬರುವ ಅನ್ನದ ಹಬೆ, ಎರಡೂ ಆಗುತ್ತಿರಲಿಲ್ಲ. ಅದೇ ತಣ್ಣಗಿನ ಮೊಸರನ್ನ, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ನಿಲ್ಲುತ್ತಿದ್ದವು. ಏನೂ ನಿಲ್ಲದ ದಿನ ಕೈಹಿಡಿದದ್ದು ಭತ್ತದ ಅರಳು. ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಒಂದು ಹಿಡಿ ಅರಳನ್ನು ಕುದಿಸಿ ಆರಿಸಿದ ನೀರಲ್ಲಿ ನೆನೆಹಾಕಿ, ಹಿಂಡಿ ಸೋಸಿ, ಚಿಟಿಕೆ ಉಪ್ಪು, ಚೂರು ಸಕ್ಕರೆ ಹಾಕಿ ಚಮಚದಲ್ಲಿ ಕುಡಿಯುವುದು. ನಮ್ಮಜ್ಜಿ ಹೇಳಿಕೊಟ್ಟದ್ದು. ಹಿರಿಯರ ಎಲ್ಲ ಮಾತನ್ನೂ ತೆಗೆದುಹಾಕಬೇಕು ಅಂತ ನಾನು ಹೇಳುತ್ತಿಲ್ಲ. ಶುಂಠಿಯೂ ಅಷ್ಟೇ. ದಿನಕ್ಕೆ ಸುಮಾರು 1 ಗ್ರಾಂ ಒಣಶುಂಠಿ ಪುಡಿ ಕೊಟ್ಟು ಹಲವು ಅಧ್ಯಯನ ಮಾಡಿದ್ದಾರೆ, ವಾಕರಿಕೆಗೆ ಉಪಯೋಗ ಕಂಡಿದೆ. ವಾಂತಿ ತಡೆಯುವುದರಲ್ಲಿ ಅಷ್ಟಿಲ್ಲ. ನಿಂಬೆಹಣ್ಣು ಹೆಚ್ಚಿ ಮೂಸಿದರೂ ಕೆಲವರಿಗೆ ಹಿತ. ವಾಂತಿಯಾದ ತಕ್ಷಣ ಹಲ್ಲುಜ್ಜಬೇಡಿ, ಹುಳಿಗೆ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ. ಅಡುಗೆ ಸೋಡಾ ಚೂರು ಹಾಕಿದ ನೀರಲ್ಲಿ ಬಾಯಿ ಮುಕ್ಕಳಿಸಿ, ಹಲ್ಲು ಆಮೇಲೆ ಉಜ್ಜಿ.

ಕಬ್ಬಿಣದ ಮಾತ್ರೆಯಿಂದ ಸಂಕಟ ಹೆಚ್ಚಾಗುವುದುಂಟು. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲೂ ಅದನ್ನು ಕೊಡುವುದು ನಾಲ್ಕನೇ ತಿಂಗಳಿಂದಲೇ. ಮೊದಲ ಮೂರು ತಿಂಗಳು ಬಿಡಬಾರದ್ದು ಫೋಲಿಕ್ ಆಸಿಡ್. ಎರಡೂ ಸೇರಿದ ಮಾತ್ರೆ ಕೊಟ್ಟಿದ್ದು ಹೊಟ್ಟೆಗೆ ಆಗುತ್ತಿಲ್ಲ ಅಂದರೆ ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಿ. ಹೇಳದೆ ಎರಡನ್ನೂ ಬಿಟ್ಟುಬಿಡಬೇಡಿ.

ಮಾತ್ರೆ ಅಂದ ಕೂಡಲೇ ಮನೆಯಲ್ಲಿ ಎಲ್ಲರೂ ಬೆಚ್ಚುತ್ತಾರೆ. "ಬಸುರಿ ಮಾತ್ರೆ ನುಂಗಬಾರ್ದು." ಈ ಭಯಕ್ಕೂ ಹಿಂದೆ ನಿಜವಾದ ದುರಂತವಿದೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ಮಾತ್ರೆಯನ್ನು ಬಸುರಿಯರ ವಾಕರಿಕೆಗೂ ಕೊಟ್ಟರು. 1961ರಲ್ಲಿ ಅದನ್ನು ಹಿಂದಕ್ಕೆ ಪಡೆಯುವಷ್ಟರಲ್ಲಿ ಜಗತ್ತಿನಲ್ಲಿ 10 ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಹಾನಿಯಾಗಿತ್ತು. ಎಷ್ಟೋ ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿದರು. ಆದರೆ ಇಂದು ವೈದ್ಯರು ಮೊದಲು ಬರೆಯುವ ಮಾತ್ರೆ ಅದಲ್ಲ. ಡಾಕ್ಸಿಲಮೈನ್ ಮತ್ತು ಬಿ6 ವಿಟಮಿನ್ ಸೇರಿದ ಮಾತ್ರೆ ಅದು. ಇದರ ಕಥೆಯೂ ಕೇಳುವಂಥದ್ದು. ಅಮೆರಿಕದಲ್ಲಿ ಇದರ ಮೇಲೆ ಕೇಸುಗಳು ಬಿದ್ದು 1983ರಲ್ಲಿ ಕಂಪನಿ ಮಾರಾಟ ನಿಲ್ಲಿಸಿತು. ಮಾತ್ರೆಯಿಂದ ಹಾನಿ ಅಂತ ಸಾಬೀತಾಗಿರಲಿಲ್ಲ. ಅದು ಸಿಗದೆ ಹೋದ ಮೇಲೆ ವಾಂತಿಗಾಗಿ ಆಸ್ಪತ್ರೆ ಸೇರುವವರು ಜಾಸ್ತಿಯಾದರು. ಬಸುರಿಯರ ಮೇಲೆ ಇಷ್ಟು ಪರೀಕ್ಷೆಗೊಳಗಾದ ಔಷಧಿಗಳು ಕಡಿಮೆಯೇ. ಕೊನೆಗೆ 2013ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದೇ ಜೋಡಿಗೆ ಮತ್ತೆ ಒಪ್ಪಿಗೆ ಕೊಟ್ಟಿತು. ನಿದ್ದೆ ಬರಿಸುವುದರಿಂದ ರಾತ್ರಿ ತೆಗೆದುಕೊಳ್ಳಲು ಹೇಳುತ್ತಾರೆ, ಬೆಳಗ್ಗೆ ಏಳುವ ಹೊತ್ತಿಗೆ ಕೆಲಸ ಮಾಡುತ್ತಿರುತ್ತದೆ. ನೀವಾಗಿಯೇ ಮೆಡಿಕಲ್ ಸ್ಟೋರಿನಿಂದ ತರಬೇಡಿ, ಡಾಕ್ಟರನ್ನು ಕೇಳಿ. ನಾನು ಮೊದಲು ಹೋದ ಕ್ಲಿನಿಕ್ಕಿನಲ್ಲಿ "ಸಹಿಸ್ಕೊಳ್ಳಿ, ತಾನಾಗಿ ಹೋಗುತ್ತೆ" ಅಂದು ಕಳಿಸಿದರು. ಎರಡನೇ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಒಂದು ವಾರದಲ್ಲಿ ನಾನು ಮನುಷ್ಯಳಾದೆ.

ಸಹಿಸಿಕೊಳ್ಳಲೇಬಾರದ ಕೆಲವು ಲಕ್ಷಣಗಳಿವೆ. ದಿನವಿಡೀ ಕುಡಿದ ನೀರೂ ನಿಲ್ಲುತ್ತಿಲ್ಲ. ಎಂಟು ಗಂಟೆಯಾದರೂ ಮೂತ್ರ ಬಂದಿಲ್ಲ, ಬಂದರೂ ಕಡುಹಳದಿ. ಎದ್ದರೆ ಕಣ್ಣು ಕತ್ತಲೆ. ವಾಂತಿಯಲ್ಲಿ ರಕ್ತ. ಜ್ವರ, ಹೊಟ್ಟೆನೋವು, ಉರಿಮೂತ್ರ. ಮೊದಲಿದ್ದ ತೂಕದಲ್ಲಿ ನೂರಕ್ಕೆ ಐದು ಭಾಗ ಇಳಿದಿದೆ, ಅಂದರೆ 50 ಕೆಜಿ ಇದ್ದವಳು ಎರಡೂವರೆ ಕೆಜಿ ಕಳೆದುಕೊಂಡಿದ್ದಾಳೆ. ಇವುಗಳಲ್ಲಿ ಒಂದಿದ್ದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಮೈಸೂರಿನಲ್ಲಿ ಚೆಲುವಾಂಬ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ, ಎರಡೂ ಸರ್ಕಾರಿ ಆಸ್ಪತ್ರೆಗಳು. ವಾರಗಟ್ಟಲೆ ಏನೂ ತಿನ್ನದವರಿಗೆ ಗ್ಲೂಕೋಸ್ ಏರಿಸುವ ಮೊದಲು ಬಿ1 ವಿಟಮಿನ್ ಕೊಡಬೇಕಾಗುತ್ತದೆ, ಇಲ್ಲದಿದ್ದರೆ ಮೆದುಳಿಗೇ ಪೆಟ್ಟು ಬೀಳಬಹುದು. ಹಾಗಾಗಿ ಎಷ್ಟು ದಿನದಿಂದ ಊಟ ಸೇರಿಲ್ಲ ಅನ್ನುವುದನ್ನು ಡಾಕ್ಟರಿಗೆ ಸರಿಯಾಗಿ ಹೇಳಿ. "ಗ್ಲೂಕೋಸ್ ಹಾಕ್ಸಿದ್ರೆ ಸರಿಹೋಗುತ್ತೆ" ಅಂತ ಸಿಕ್ಕಸಿಕ್ಕಲ್ಲಿ ಬಾಟಲಿ ಏರಿಸಿಕೊಳ್ಳಬೇಡಿ.

ಇನ್ನೊಂದು ಮಾತು ಹೇಳದೆ ಇರಲಾರೆ. "ಇಷ್ಟು ವಾಂತಿ ಅಂದ್ರೆ ಹೆಣ್ಣೇ" ಅಂತ ಮನೆಮಂದಿ ಲೆಕ್ಕ ಹಾಕುತ್ತಾರಲ್ಲ, ಅದನ್ನು ನಿಲ್ಲಿಸಿ. ವಾಂತಿ ನೋಡಿ ಮಗು ಯಾವುದು ಅಂತ ಹೇಳಲಾಗುವುದಿಲ್ಲ. ಬೇರೆ ಕಡೆ ಇದು ಸುಮ್ನೆ ಹರಟೆ ಇರಬಹುದು. 2023ರಲ್ಲಿ ಆಲೆಮನೆಯೊಳಗೆ ಸ್ಕ್ಯಾನಿಂಗ್ ಮಷೀನ್ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದದ್ದು ನಮ್ಮ ಮಂಡ್ಯದಲ್ಲಿ. ಅಂಥ ಜಿಲ್ಲೆಯಲ್ಲಿ ಈ ಹರಟೆಯನ್ನು ಕೇಳಿಸಿಕೊಂಡು ಬಚ್ಚಲಲ್ಲಿ ಕಕ್ಕುತ್ತಿರುವ ಹೆಣ್ಣಿನ ಎದೆಯಲ್ಲಿ ಏನಾಗುತ್ತಿರಬಹುದು ಅಂತ ಯೋಚಿಸಿ.

ಗಂಡಸರಿಗೆ ನನ್ನ ಕೋರಿಕೆ ಚಿಕ್ಕದು. ಒಗ್ಗರಣೆ ನೀವು ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು. ಕಸದ ಡಬ್ಬಿ ರಾತ್ರಿಯೇ ಹೊರಗಿಡಿ. ಸೆಂಟು, ಸಿಗರೇಟು, ಊದುಬತ್ತಿ ಕೆಲವು ವಾರ ಬೇಡ. "ಏನು ತಿಂತೀಯಾ" ಅಂತ ಹತ್ತು ಸಲ ಕೇಳಬೇಡಿ, ತಿಂಡಿಯ ಹೆಸರು ಕೇಳಿದರೂ ಹೊಟ್ಟೆ ತೊಳಸುತ್ತದೆ. ಎರಡು ತುತ್ತು ತಂದು ಪಕ್ಕದಲ್ಲಿಟ್ಟು ಹೋಗಿ.

ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಇದನ್ನು ಗಮನಿಸಿ, ಮುಖ್ಯವಾಗಿ ಮದ್ದೂರು, ಶ್ರೀರಂಗಪಟ್ಟಣ ಕಡೆಯ ಗಾರ್ಮೆಂಟ್ಸ್‌ಗೆ ಹೋಗುವವರು. 26 ವಾರದ ಹೆರಿಗೆ ರಜೆ ಎಲ್ಲರಿಗೂ ಗೊತ್ತು. ಅದರಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಕೊನೆಯ ಎಂಟು ವಾರ ಮಾತ್ರ, ಮೊದಲ ಮೂರು ತಿಂಗಳಿಗೆ ಅದು ಒದಗುವುದಿಲ್ಲ. ಆದರೆ ಬಸಿರಿನಿಂದ ಬಂದ ಕಾಯಿಲೆಗೆ ಅಂತಲೇ ಬೇರೆಯಾಗಿ ಒಂದು ತಿಂಗಳವರೆಗೆ ಸಂಬಳದ ರಜೆ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ 10ನೇ ಸೆಕ್ಷನ್ನಿನಲ್ಲೇ ಇದು ಇತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇದ್ದವರಿಗೂ ಇಂಥದೇ ಸೌಲಭ್ಯವಿದೆ. ನಾನು ಕೆಲಸ ಮಾಡುತ್ತಿದ್ದ ಕಡೆ ಇದನ್ನು ಯಾರೂ ಹೇಳಲಿಲ್ಲ. ಸಂಬಳ ಕಳೆದುಕೊಂಡು ರಜೆ ಹಾಕಿದೆ.

ಆ ರಜೆ ಬೇಕಾದರೆ ಡಾಕ್ಟರ ಚೀಟಿ ಇಟ್ಟು ಬಸಿರು ಅಂತ ಅರ್ಜಿಯಲ್ಲಿ ಬರೆಯಬೇಕು. ತಾಯಿ ಕಾರ್ಡಿಗೆ ಆಶಾ ಕಾರ್ಯಕರ್ತೆಯ ಹತ್ತಿರ ಹೆಸರು ಬರೆಸಬೇಕಾದದ್ದೂ ಮೊದಲ 12 ವಾರದೊಳಗೆ. ಊರಿಗೆಲ್ಲ ಸಾರಿ ಅಂತ ನಾನು ಹೇಳುತ್ತಿಲ್ಲ. ಆಶಾ ಅಕ್ಕನಿಗೆ, ಆಫೀಸಿನಲ್ಲಿ ಒಬ್ಬರಿಗೆ, ರೈಲಿನಲ್ಲಿ ಪಕ್ಕ ಕೂರುವ ಒಬ್ಬ ಗೆಳತಿಗೆ ಈ ವಾರವೇ ಹೇಳಿ.